ನೋಟ ಒಬ್ಬರದು, ಸಹಿ ಇನ್ನೊಬ್ಬರದು

2020ರ ಮಳೆಗಾಲದಲ್ಲಿ ಕಬಿನಿ ಕಾಡಿನ ಒಂದು ಫೋಟೊ ಕಂಡಕಂಡವರ ಮೊಬೈಲಿಗೆಲ್ಲ ಬಂದಿತ್ತು. ಮುಂದೆ ಚುಕ್ಕೆ ಚಿರತೆ. ಅದರ ಬೆನ್ನಿಗೆ, ಅದರದೇ ನೆರಳು ಎದ್ದು ನಿಂತ ಹಾಗೆ, ಕರಿ ಚಿರತೆ. ತೆಗೆದವರು ಮಿಥುನ್ ಎಚ್. ಆ ಜೋಡಿಗಾಗಿ ಒಂದೇ ಜಾಗದಲ್ಲಿ ಆರು ದಿನ ಕಾದೆನೆಂದು ಅವರು ಆಗ ಹೇಳಿಕೊಂಡಿದ್ದರು. ಕರಿ ಚಿರತೆ ಯಾರ ಅಪ್ಪನ ಆಸ್ತಿಯೂ ಅಲ್ಲ, ಟ್ಯಾಬ್ಲೆಟ್ ಇದ್ದವರು ಯಾರು ಬೇಕಾದರೂ ಅದರ ಚಿತ್ರ ಬರೆಯಬಹುದು. ಆದರೆ ಅದೇ ಕೋನದಿಂದ, ಒಂದರ ಹಿಂದೆ ಇನ್ನೊಂದನ್ನು ಅದೇ ನೆರಳಿನಂತೆ ನಿಲ್ಲಿಸಿ ಬರೆದರೆ, ಬರೆದದ್ದು ಮಿಥುನರ ಫೋಟೊವನ್ನೇ.

ಈ ಮಾತು ಈಗ ಯಾಕೆಂದರೆ, ನಮ್ಮ ಪತ್ರಿಕೆಯ ವಿಶೇಷಾಂಕದ ಕೆಲಸ ಶುರುವಾಗಿದೆ. ನಮ್ಮ ಮೇಜಿಗೆ ಬರುವ ಡಿಜಿಟಲ್ ಚಿತ್ರಗಳಲ್ಲಿ ಸಾಹಿತಿಗಳ ಮುಖಗಳಿವೆ, ಹಂಪಿಯ ಕಲ್ಲಿನ ರಥವಿದೆ, ‘ಕಾಂತಾರ’ ಬಂದ ಮೇಲಂತೂ ಭೂತಕೋಲದ ಚಿತ್ರಗಳಿಗೆ ಬರವಿಲ್ಲ. ಕೈಚಳಕ ಮೆಚ್ಚುವಂಥದ್ದೇ. ಮೂಲೆಯಲ್ಲಿ ಕಲಾವಿದರ ಸಹಿ ಇರುತ್ತದೆ, ಫೋಟೊ ತೆಗೆದವರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಕೇಳಿದರೆ ‘ಗೂಗಲ್‌ನಲ್ಲಿ ಸಿಕ್ಕಿತು ಸರ್’ ಎಂಬ ಉತ್ತರ. ಕೋಲದ ಅಂಗಳದಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ನಿಂತದ್ದು ಗೂಗಲ್ ಅಲ್ಲವಲ್ಲ! ನಮ್ಮ ಎಷ್ಟೋ ಬರಹಗಾರರ ಮುಖ ಮನಸ್ಸಿನಲ್ಲಿ ಅಚ್ಚಾಗಿರುವುದು ಎ.ಎನ್. ಮುಕುಂದ್ ಅವರಂಥ ಛಾಯಾಗ್ರಾಹಕರು ಅವರನ್ನು ಕೂರಿಸಿ, ಮಾತಾಡಿಸಿ, ಬೆಳಕಿಗಾಗಿ ಕಾದು ತೆಗೆದದ್ದರಿಂದ.

ಫೋಟೊ ನೋಡಿ ಬರೆಯುವುದೇ ತಪ್ಪು ಎಂಬ ಮಡಿವಂತಿಕೆ ನಮಗಿಲ್ಲ. ಫ್ರಾನ್ಸಿನ ಚಿತ್ರಕಾರ ದೆಲಕ್ರವಾ 1854ರಲ್ಲೇ ಛಾಯಾಗ್ರಾಹಕ ಯೂಜೀನ್ ದ್ಯೂರಿಯೂ ಜೊತೆ ಸೇರಿ ರೂಪದರ್ಶಿಗಳ ಫೋಟೊ ತೆಗೆಸಿಕೊಂಡು, ಅವುಗಳನ್ನು ನೋಡಿ ರೇಖೆ ಪಳಗಿಸಿಕೊಂಡ. ನಮ್ಮ ರಾಜಾ ರವಿವರ್ಮನೂ ಫೋಟೊಗಳ ನೆರವು ಪಡೆದವನೇ. ಯಕ್ಷಗಾನದ ಕೇದಗೆ ಮುಂದಲೆಯ ಕಟ್ಟು ಹೇಗೆ, ಇಳಕಲ್ ಸೀರೆಯ ಸೆರಗು ಹೆಗಲ ಮೇಲೆ ಹೇಗೆ ಬೀಳುತ್ತದೆ, ಇವನ್ನೆಲ್ಲ ನೋಡದೆ ತಲೆಯಿಂದ ಬರೆದರೆ ಹಾಸ್ಯಾಸ್ಪದವಾಗುತ್ತದೆ. ಹತ್ತು ಫೋಟೊ ಹರಡಿಕೊಂಡು ಅಂಥ ವಿವರ ತಿಳಿದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕಟ್ಟು, ಸೆರಗು, ಮೂಳೆಯ ಬಾಗು ಎಲ್ಲರವು. ಬೆಳಕು ಯಾವ ಕಡೆಯಿಂದ, ಕ್ಯಾಮೆರಾ ಎಷ್ಟು ಎತ್ತರದಲ್ಲಿ, ಯಾವ ಕ್ಷಣದಲ್ಲಿ ಎಂಬ ತೀರ್ಮಾನಗಳು ಒಬ್ಬರವು. ಈಗ ನಡೆಯುತ್ತಿರುವುದು ಹೆಚ್ಚಾಗಿ ಎರಡನೆಯದರ ವ್ಯವಹಾರ. ಫೋಟೊವನ್ನು ಕೆಳಗಿನ ಲೇಯರ್‌ಗೆ ಹಾಕಿ, ಒಪಾಸಿಟಿ ಇಳಿಸಿ, ಮೇಲೆ ಗೆರೆ ಎಳೆದು, ಬಣ್ಣವನ್ನೂ ಅದೇ ಫೋಟೊದಿಂದ ಹೀರಿಕೊಂಡರೆ ಮುಗಿಯಿತು. ಕೈ ಪಳಗಲು ಇದು ಒಳ್ಳೆಯ ಅಭ್ಯಾಸ. ಪ್ರಿಂಟ್ ಹಾಕಿಸಿ ಮಾರಲು ಅಲ್ಲ.

ಶೇಕಡಾ 30ರಷ್ಟು ಬದಲಿಸಿಬಿಟ್ಟರೆ ಚಿತ್ರ ನಮ್ಮದೇ ಆಗುತ್ತದೆ ಎಂಬ ನಂಬಿಕೆಯೊಂದು ಕಲಾವಿದರ ನಡುವೆ ಓಡಾಡುತ್ತಿದೆ. ಯಾವ ಅಳತೆಗೋಲಿನಲ್ಲಿ ಅಳೆಯುತ್ತಾರೋ ದೇವರೇ ಬಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಲೆಕ್ಕವಿಲ್ಲ. ಕಾಯ್ದೆಯ ಕಣ್ಣಿಗೆ ಫೋಟೊ ಕೂಡ ವರ್ಣಚಿತ್ರದ ಹಾಗೆ ಕಲಾಕೃತಿಯೇ, ತೆಗೆದವರೇ ಅದರ ಕರ್ತೃ. ಮನೆಯಲ್ಲಿ ಕೂತು ಸ್ವಂತಕ್ಕೆ ಬರೆದುಕೊಂಡರೆ 52ನೇ ಸೆಕ್ಷನ್‌ನಲ್ಲಿ ರಿಯಾಯಿತಿ ಇದೆ, ವ್ಯಾಪಾರಕ್ಕೆ ಆ ರಿಯಾಯಿತಿ ಇಲ್ಲ. ಹಕ್ಕನ್ನೇ ಬೇರೆಯವರಿಗೆ ಮಾರಿದ್ದರೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಸೆಕ್ಷನ್ ಕರ್ತೃವಿಗೇ ಉಳಿಸಿದೆ. ನಾಟಕವೊಂದನ್ನು ಸಿನಿಮಾದವರು ನಕಲು ಮಾಡಿದರೆಂಬ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದ್ದು ಇಂದಿಗೂ ಅಳತೆ: ವಿಚಾರಕ್ಕೆ ಒಡೆತನವಿಲ್ಲ, ಆದರೆ ಎರಡನ್ನೂ ಕಂಡವರಿಗೆ ಎರಡನೆಯದು ಮೊದಲನೆಯದರ ನಕಲೆಂದು ಸ್ಪಷ್ಟವಾಗಿ ಅನಿಸಿದರೆ ಅದು ಉಲ್ಲಂಘನೆ. ಫೋಟೊವನ್ನು ಎಡಬಲ ತಿರುಗಿಸಿದ ಮಾತ್ರಕ್ಕೆ ಈ ಅನಿಸಿಕೆ ಮಾಯವಾಗುವುದಿಲ್ಲ. ಲಕ್ಸೆಂಬರ್ಗ್‌ನಲ್ಲಿ ಜಿಂಗ್ನಾ ಝಾಂಗ್ ಎಂಬ ಛಾಯಾಗ್ರಾಹಕಿಯ ಫೋಟೊವನ್ನು ಹಾಗೆ ತಿರುಗಿಸಿ ಬರೆದ ತೈಲಚಿತ್ರಕ್ಕೆ ಬಹುಮಾನವೂ ಬಂದಿತ್ತು. ಕೆಳ ನ್ಯಾಯಾಲಯ ಕಲಾವಿದನ ಪರ ನಿಂತಿತು, 2024ರಲ್ಲಿ ಮೇಲ್ಮನವಿಯಲ್ಲಿ ಆಕೆ ಗೆದ್ದರು.

ಅಮೆರಿಕದ ಎರಡು ಪ್ರಕರಣಗಳನ್ನು ನಮ್ಮ ಕಲಾವಿದರು ತಿಳಿದಿರಬೇಕು. ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ಗಾಯಕ ಪ್ರಿನ್ಸ್‌ನ ಫೋಟೊ ತೆಗೆದಿದ್ದರು. 1984ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆ 400 ಡಾಲರ್ ಕೊಟ್ಟು, ಕಲಾವಿದನ ರೆಫರೆನ್ಸ್‌ಗಾಗಿ, ಒಂದೇ ಬಾರಿಯ ಬಳಕೆಗೆ ಅದನ್ನು ಪಡೆಯಿತು. ಆಂಡಿ ವಾರ್ಹೋಲ್ ಬರೆದ ಚಿತ್ರದ ಜೊತೆ ಆಕೆಯ ಹೆಸರನ್ನೂ ಅಚ್ಚು ಹಾಕಿತು. ಅಲ್ಲಿಯವರೆಗೆ ಎಲ್ಲವೂ ಸರಿ. ಆದರೆ ವಾರ್ಹೋಲ್ ಅದೇ ಫೋಟೊದಿಂದ ಒಟ್ಟು 16 ಕೃತಿಗಳನ್ನು ಮಾಡಿದ್ದ. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅವುಗಳಲ್ಲೊಂದನ್ನು ಮುಖಪುಟಕ್ಕೆ ಬಳಸಲು ವಾರ್ಹೋಲ್ ಪ್ರತಿಷ್ಠಾನಕ್ಕೆ 10,000 ಡಾಲರ್ ಸಂದಿತು, ಗೋಲ್ಡ್‌ಸ್ಮಿತ್‌ಗೆ ಹಣವೂ ಇಲ್ಲ, ಹೆಸರೂ ಇಲ್ಲ. 2023ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಬಳಕೆಯ ಮಟ್ಟಿಗೆ ಆಕೆಯ ಪರವಾಗಿ 7–2ರ ತೀರ್ಪು ಕೊಟ್ಟಿತು. ಬೇರೆಯವರ ಫೋಟೊ ಆಧರಿಸಿ ಮಾಡಿದ್ದನ್ನು ಕೇಳದೆ ಮಾರುವ ವಿನಾಯಿತಿ ವಾರ್ಹೋಲ್‌ನಂಥವನ ಕೃತಿಗೇ ಸಿಗಲಿಲ್ಲ.

ಇನ್ನೊಂದು, ಒಬಾಮಾರ ‘ಹೋಪ್’ ಪೋಸ್ಟರ್. 2008ರ ಚುನಾವಣೆಯಲ್ಲಿ ಅದನ್ನು ನೋಡದವರಿಲ್ಲ. ಶೆಪರ್ಡ್ ಫೇರಿ ಅದಕ್ಕೆ ಆಧಾರವಾಗಿಟ್ಟುಕೊಂಡದ್ದು ಅಸೋಸಿಯೇಟೆಡ್ ಪ್ರೆಸ್‌ಗಾಗಿ ಮ್ಯಾನಿ ಗಾರ್ಸಿಯಾ 2006ರಲ್ಲಿ ತೆಗೆದ ಫೋಟೊ. ವ್ಯಾಜ್ಯ ಹತ್ತಿದಾಗ ಫೇರಿ ತಾನು ಬಳಸಿದ್ದು ಬೇರೊಂದು ಫೋಟೊ ಎಂದ. ಆ ಸುಳ್ಳು ನಿಲ್ಲಲೆಂದು ಕಡತಗಳನ್ನು ಅಳಿಸಿದ, ಹೊಸವನ್ನು ಸೃಷ್ಟಿಸಿದ. ಕೃತಿಸ್ವಾಮ್ಯದ ಜಗಳ 2011ರಲ್ಲಿ ರಾಜಿಯಲ್ಲಿ ಮುಗಿಯಿತು. ಪೋಸ್ಟರ್ ನ್ಯಾಯವೋ ಅನ್ಯಾಯವೋ ಎಂದು ಯಾವ ನ್ಯಾಯಾಧೀಶರೂ ಹೇಳಬೇಕಾಗಿ ಬರಲಿಲ್ಲ. ಮುಚ್ಚಿಟ್ಟದ್ದಕ್ಕೆ ಮಾತ್ರ ಶಿಕ್ಷೆಯಾಯಿತು: 2012ರಲ್ಲಿ ಎರಡು ವರ್ಷ ಪ್ರೊಬೇಷನ್, 25,000 ಡಾಲರ್ ದಂಡ. ಮೊದಲ ದಿನವೇ ಗಾರ್ಸಿಯಾ ಹೆಸರು ಹೇಳಿದ್ದರೆ ಪೋಸ್ಟರಿನ ಕಳೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ.

ನಮ್ಮಲ್ಲಿ ಕೋರ್ಟಿನವರೆಗೆ ಹೋಗುವವರು ಕಡಿಮೆ. ಅದನ್ನೇ ಒಪ್ಪಿಗೆ ಎಂದುಕೊಂಡವರು ಬಹಳ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ನಗುಮುಖದ ಡಿಜಿಟಲ್ ಚಿತ್ರಗಳು ಮಳೆಯಂತೆ ಸುರಿದವು. ಅದು ಜನರ ಸಂಕಟ, ಅಲ್ಲಿ ಲೆಕ್ಕ ಕೇಳುವುದು ಅಸಹ್ಯ. ಆದರೆ ಅಂಥವೇ ಚಿತ್ರಗಳು ಟಿ-ಶರ್ಟ್, ಸ್ಟಿಕ್ಕರ್, ಕ್ಯಾಲೆಂಡರ್ ಆಗಿ ಬಿಕರಿಗೆ ಬಂದ ಮೇಲೆ, ಮೂಲ ಫೋಟೊ ತೆಗೆದ ಸ್ಟಿಲ್ ಫೋಟೋಗ್ರಾಫರ್ ಯಾರು ಎಂದು ಕೇಳುವುದು ಅಸಹ್ಯವಲ್ಲ.

ಹೆಸರು ಕಳೆದುಕೊಳ್ಳುವ ಈ ನೋವು ಡಿಜಿಟಲ್ ಕಲಾವಿದರಿಗೆ ಹೊಸದೂ ಅಲ್ಲ. ಕಾಸರಗೋಡಿನ ಕರಣ್ ಆಚಾರ್ಯ 2015ರಲ್ಲಿ ಬರೆದ ಕೇಸರಿ-ಕಪ್ಪು ಹನುಮಂತ ದೇಶದ ಕಾರುಗಳ ಹಿಂಗಾಜಿನ ಮೇಲೆಲ್ಲ ಕೂತಿದ್ದಾನೆ, ಬರೆದವರ ಹೆಸರು ಕಾರಿನವರಲ್ಲಿ ಎಷ್ಟು ಮಂದಿಗೆ ಗೊತ್ತು? ಎಐ ಕಂಪನಿಗಳು ತಮ್ಮ ಚಿತ್ರಗಳನ್ನು ಕೇಳದೆ ನುಂಗಿದವೆಂದು ಇದೇ ಕಲಾವಿದರು ದೂರುತ್ತಿದ್ದಾರೆ. ದೂರು ನ್ಯಾಯವಾದದ್ದೇ. ಅದೇ ದೂರನ್ನು ಛಾಯಾಗ್ರಾಹಕರು ಹಿಡಿದು ಬಂದರೆ ‘ಇದು ಬರೀ ರೆಫರೆನ್ಸ್’ ಎನ್ನುವ ಬಾಯಿಯೂ ಅವರದೇ.

ಹಾಗಾಗಿ ಈ ವಿಶೇಷಾಂಕದಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಚಿತ್ರ ಕಳಿಸುವವರು ಆಧಾರವಾಗಿ ಬಳಸಿದ ಫೋಟೊಗಳನ್ನೂ ಜೊತೆಗೆ ಕಳಿಸಬೇಕು. ನಾಲ್ಕಾರು ಫೋಟೊಗಳಿಂದ ವಿವರ ತಿಳಿದು ತಮ್ಮದೇ ಚಿತ್ರ ಕಟ್ಟಿದ್ದರೆ ಅಷ್ಟು ಹೇಳಿದರೆ ಸಾಕು. ಒಂದೇ ಫೋಟೊವನ್ನು ಅನುಸರಿಸಿದ್ದರೆ ಅದನ್ನು ತೆಗೆದವರ ಒಪ್ಪಿಗೆ ಬೇಕು, ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಅಚ್ಚಾಗುತ್ತದೆ. ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದುಕೊಂಡವರು ಅಲ್ಲಿನ ಪರವಾನಗಿಯನ್ನು ಓದಿಕೊಳ್ಳಲಿ. ಅಲ್ಲಿ ಬಹುಪಾಲು ಫೋಟೊಗಳು ಪುಕ್ಕಟೆಯಾದರೂ ಹೆಸರು ಹಾಕುವ ಕರಾರಿದೆ. ಛಾಯಾಗ್ರಾಹಕರು ಯಾರೆಂದು ತಿಳಿಯದಿದ್ದರೆ ನಮಗೆ ಮೊದಲೇ ತಿಳಿಸಿ, ಹುಡುಕುವ ಕೆಲಸ ನಮ್ಮದು. ಹುಡುಕಿಯೂ ಸಿಗದಿದ್ದರೆ ಆ ಚಿತ್ರ ಈ ಸಲ ಬೇಡ. ಫೋಟೊಗೆ ಕೊಡಬೇಕಾದ ಹಣವನ್ನು ಕಲಾವಿದರ ಸಂಭಾವನೆಯಲ್ಲಿ ಮುರಿದುಕೊಳ್ಳುವುದಿಲ್ಲ, ಅದು ಪತ್ರಿಕೆಯ ಖರ್ಚು.