ತಿಂಗಳಿಗೆ ಎಷ್ಟು ಹಾಕಲಿ, ಫಾದರ್?



ಕೂನೂರಿನ ಹತ್ತಿರ, ಗುಡ್ಡದ ಇಳಿಜಾರಿನಲ್ಲಿ ನಮಗೆ ಪರಿಚಯದ ಒಂದು ಕುಟುಂಬವಿದೆ. ಕೆಳಗಿನ ಮನೆಯಲ್ಲಿ ತಾವಿದ್ದುಕೊಂಡು, ಬ್ಯಾಂಕಿನಿಂದ ಸಾಲ ಪಡೆದು ಮೇಲೆ ಎರಡು ಕೋಣೆ, ಒಂದು ಚಿಕ್ಕ ಅಡುಗೆಮನೆ ಕಟ್ಟಿಸಿದ್ದಾರೆ. ಹಿರಿಯ ಅಳಿಯ ಅದರ ಫೋಟೋ ತೆಗೆದು, ಪ್ರವಾಸಿಗರಿಗೆ ಮನೆ ಒದಗಿಸುವ ಒಂದು ಜಾಲತಾಣದಲ್ಲಿ ಹಾಕಿಕೊಟ್ಟ. ಸಾಲದ ಕಂತು ಆ ಎರಡು ಕೋಣೆಗಳಿಂದಲೇ ಹೋಗಬೇಕು, ಕಿರಿಯ ಮಗಳ ನರ್ಸಿಂಗ್ ಕಾಲೇಜಿನ ಶುಲ್ಕವೂ ಅಲ್ಲಿಂದಲೇ ಬರಬೇಕು.

2025ರ ಜನವರಿಯ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ಆ ಮನೆಯ ತಾಯಿ ಮೊಬೈಲ್ ಹಿಡಿದುಕೊಂಡು ಬಂದರು. ಮುಖ ಬಾಡಿತ್ತು. "ಫಾದರ್, ಇದನ್ನೊಮ್ಮೆ ನೋಡಿ. ಒಂದು ಕುಟುಂಬ ಪೂರಾ ಒಂದು ತಿಂಗಳಿಗೆ ಬುಕ್ ಮಾಡಿದೆ. ಸಂತೋಷಪಡಲೋ ಅಳಲೋ ತಿಳಿಯದು" ಎಂದರು.

ನೋಡಿದೆ. ಏಪ್ರಿಲ್ 20ರಿಂದ, ಅಂದರೆ ಆ ವರ್ಷದ ಪಾಸ್ಕ ಹಬ್ಬದ ಭಾನುವಾರದಿಂದ, ಮೇ 18ರವರೆಗೆ 28 ರಾತ್ರಿ. ಮೊತ್ತ 30,400 ರೂಪಾಯಿ. ನೀಲಗಿರಿಯಲ್ಲಿ ಏಪ್ರಿಲ್, ಮೇ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬಯಲುಸೀಮೆ ಕಾದ ಹೆಂಚಿನಂತಾಗಿ ಊಟಿ, ಕೂನೂರು, ಕೋತಗಿರಿಯಲ್ಲಿ ಕಾಲಿಡಲು ಜಾಗವಿಲ್ಲದ ಕಾಲ ಅದು. ಉಳಿದ ಹತ್ತು ತಿಂಗಳ ಕೊರತೆಯನ್ನು ಜನ ಆ ಸೀಸನ್‌ನಲ್ಲೇ ತುಂಬಿಸಿಕೊಳ್ಳುತ್ತಾರೆ.

ಆದದ್ದು ಇಷ್ಟು. ಅವರ ದಿನದ ಬೆಲೆ 2,000 ರೂಪಾಯಿ, ಶುಕ್ರವಾರ ಮತ್ತು ಶನಿವಾರದ ರಾತ್ರಿಗೆ 2,600. ಹಿಂದಿನ ಆಗಸ್ಟಿನ ಮಳೆಯಲ್ಲಿ ಕೋಣೆಗಳು ಖಾಲಿ ಬಿದ್ದಿದ್ದಾಗ, ಯಾರಾದರೂ ಬರಲಿ ಎಂದು ವಾರದ ರಿಯಾಯಿತಿ ಶೇಕಡ 10, ತಿಂಗಳ ರಿಯಾಯಿತಿ ಶೇಕಡ 50 ಎಂದು ಒತ್ತಿ ಸುಮ್ಮನಾಗಿದ್ದರು. ಯಾರೂ ಬರಲಿಲ್ಲ; ಹಾಕಿದ್ದು ಮರೆತೂಹೋಯಿತು. ಸೀಸನ್ ಬೆಲೆಯಾದ 3,500 ರೂಪಾಯಿಯನ್ನು ಅವರು ಪ್ರತಿ ವರ್ಷ ಏರಿಸುತ್ತಿದ್ದದ್ದು ಮಾರ್ಚ್‌ನಲ್ಲಿ. ಎರಡು ದಿನಕ್ಕೆ ಬರುವವರು ಒಂದೆರಡು ವಾರ ಮುಂಚೆ ಬುಕ್ ಮಾಡುತ್ತಾರೆ, ಆದ್ದರಿಂದ ಮಾರ್ಚ್ ಎಂದರೆ ತಡವೇನೂ ಅಲ್ಲ. ಆದರೆ ತಿಂಗಳಿಗೆಂದು ಬರುವವರು ರಜೆ, ಮಕ್ಕಳ ಶಾಲೆ, ಎಲ್ಲ ನೋಡಿಕೊಂಡು ಮೂರು ನಾಲ್ಕು ತಿಂಗಳು ಮೊದಲೇ ಹುಡುಕುತ್ತಾರೆ. ಅವರು ಹುಡುಕಿದಾಗ ಮೇ ತಿಂಗಳಿಗೂ ಮಳೆಗಾಲದ ಬೆಲೆಯೇ ಕುಳಿತಿತ್ತು, ಅದರ ಮೇಲೆ ಅರ್ಧ ರಿಯಾಯಿತಿ ಬೇರೆ.

ಅವರ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ 2024ರ ಸೀಸನ್ ಲೆಕ್ಕವಿತ್ತು. ಅದೇ ದಿನಗಳಲ್ಲಿ 24 ರಾತ್ರಿ ತುಂಬಿತ್ತು, 84,000 ರೂಪಾಯಿ ಬಂದಿತ್ತು. ಹನ್ನೆರಡು ತಂಡಗಳು ಬಂದು ಹೋದದ್ದಕ್ಕೆ ಪ್ರತಿ ಸಲ ಒಗೆತ, ಶುಚಿ ಎಂದು 500ರಂತೆ 6,000 ಕಳೆದರೂ 78,000 ಉಳಿದಿತ್ತು. ಈಗ 30,400ರಲ್ಲಿ ಒಂದು ತಿಂಗಳ ಕರೆಂಟು, ಗ್ಯಾಸು, ವಾರಕ್ಕೊಮ್ಮೆ ಹಾಸಿಗೆ ಬಟ್ಟೆ ಎಂದು 5,000 ಕಳೆದರೆ ಉಳಿಯುವುದು 25,400. ವ್ಯತ್ಯಾಸ 52,600. ಜೂನ್‌ನಲ್ಲಿ ಕಾಲೇಜಿನ ಶುಲ್ಕ ಕಟ್ಟಬೇಕು.

"ಪೈಪ್ ಒಡೆದಿದೆ ಎಂದು ಬರೆದು ಬಿಡೋಣ ಅಂತಾರೆ ಇವರು" ಎಂದರು ಆ ತಾಯಿ, ಗಂಡನ ಕಡೆಗೆ ನೋಡುತ್ತಾ. ಗಂಡ ನೆಲ ನೋಡುತ್ತಿದ್ದರು.

ಇಂಥ ತಾಣಗಳಲ್ಲಿ ಮನೆಯವರೇ ಬುಕಿಂಗ್ ರದ್ದು ಮಾಡಿದರೆ ದಂಡ ಬೀಳುತ್ತದೆ, ಮನೆಯ ಹೆಸರೂ ಕೆಡುತ್ತದೆ. ಆದರೆ ಅದನ್ನು ಮುಂದೆ ಮಾಡಿ ಅವರನ್ನು ಹೆದರಿಸಲು ನನಗೆ ಮನಸ್ಸಾಗಲಿಲ್ಲ. ಬೆಲೆ ಹಾಕಿದ್ದು ಇವರು. ಬಂದವರು ಚೌಕಾಸಿ ಕೂಡ ಮಾಡಲಿಲ್ಲ. ಕಂಡ ಬೆಲೆಗೆ ಒಪ್ಪಿ, ಹಣ ಕಟ್ಟಿ, ರಜೆ ಹಾಕಿದ್ದಾರೆ. ಒಡೆಯದ ಪೈಪನ್ನು ಒಡೆದಿದೆ ಎನ್ನುವುದಕ್ಕಿಂತ ಇದ್ದದ್ದನ್ನು ಇದ್ದಂತೆ ಬರೆದು, ಜುಲೈಗೆ ಬರಲಾದೀತೇ ಎಂದು ಕೇಳಿ ನೋಡಿ, ಆಗದು ಎಂದರೆ ಬಿಟ್ಟುಬಿಡಿ ಎಂದೆ. ಬರೆದರು. ಮಗುವಿನ ಶಾಲೆಗೆ ಆಗಲೇ ರಜೆ, ಬೇರೆ ಸಮಯ ಸಾಧ್ಯವಿಲ್ಲ, ಕ್ಷಮಿಸಿ ಎಂದು ಉತ್ತರ ಬಂತು. ಅಲ್ಲಿಗೆ ಆ ಮಾತು ಮುಗಿಯಿತು. ಹೇಳುವುದು ನನಗೆ ಸುಲಭ, ಶುಲ್ಕ ಕಟ್ಟಬೇಕಾದದ್ದು ನಾನಲ್ಲ ಎಂಬುದು ಮಾತ್ರ ಆ ದಿನವೆಲ್ಲ ಮನಸ್ಸನ್ನು ಚುಚ್ಚುತ್ತಿತ್ತು.

ಗಡಿಭಾಗದ ನಮ್ಮ ಎಷ್ಟೋ ಕುಟುಂಬಗಳು ಈಗ ವಯನಾಡಿನಲ್ಲಿ, ನೀಲಗಿರಿಯಲ್ಲಿ, ಗೋವೆಯಲ್ಲಿ ಒಂದೆರಡು ಕೋಣೆಗಳನ್ನು ಹೀಗೆ ಕೊಡುತ್ತಿರುವುದರಿಂದ, ಈ ವಾರದ ಬೆಲೆ, ತಿಂಗಳ ಬೆಲೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಈ ವ್ಯವಹಾರದಲ್ಲಿ ಹೆಸರಾದ ಏರ್‌ಬಿಎನ್‌ಬಿ ಶುರುವಾದದ್ದೇ 2007ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆ ಬಾಡಿಗೆ ಕಟ್ಟಲು ಹೆಣಗುತ್ತಿದ್ದ ಇಬ್ಬರು ಗೆಳೆಯರು ತಮ್ಮ ಕೋಣೆಯಲ್ಲಿ ಗಾಳಿ ಹಾಸಿಗೆ ಹಾಸಿ ಅತಿಥಿಗಳನ್ನು ಕರೆದಾಗ. ಬಾಡಿಗೆಯ ಚಿಂತೆ ಅಲ್ಲೂ ಇತ್ತು ಎಂದಾಯಿತು.

ಅಲ್ಲಿ ವಾರದ ರಿಯಾಯಿತಿ ಎಂದರೆ 7 ರಾತ್ರಿ ಅಥವಾ ಹೆಚ್ಚು ತಂಗುವವರಿಗೆ. ತಿಂಗಳ ರಿಯಾಯಿತಿ 28 ರಾತ್ರಿ ಅಥವಾ ಹೆಚ್ಚಿನದಕ್ಕೆ; 30 ಅಲ್ಲ, 28. ಎರಡೂ ಒಟ್ಟಿಗೆ ಸಿಗುವುದಿಲ್ಲ, 28 ಮುಟ್ಟಿದವರಿಗೆ ತಿಂಗಳದ್ದು ಮಾತ್ರ. ರಿಯಾಯಿತಿ ಬೀಳುವುದು ಕೊನೆಯ ರಾತ್ರಿಗಳಿಗಲ್ಲ, ಮೊದಲ ರಾತ್ರಿಯಿಂದಲೇ ಎಲ್ಲಕ್ಕೂ. ಇದನ್ನು ಗಮನಿಸದೆ ಬೆಲೆ ಹಾಕಿದರೆ ಒಂದು ವಿಚಿತ್ರ ನಡೆಯುತ್ತದೆ.

ಈ ತಾಯಿಯದೇ ಬೆಲೆಯಲ್ಲಿ ನೋಡಿ. ಭಾನುವಾರದಿಂದ ಏಳು ರಾತ್ರಿಗೆ 15,200. ವಾರದ ರಿಯಾಯಿತಿ ಶೇಕಡ 20 ಎಂದಿಟ್ಟರೆ 12,160. ಆದರೆ ಅದೇ ಭಾನುವಾರದಿಂದ ಆರೇ ರಾತ್ರಿ ಇದ್ದರೆ 12,600 ಕಟ್ಟಬೇಕು! ಜಾಣ ಅತಿಥಿ ಏಳು ರಾತ್ರಿಗೆ ಬುಕ್ ಮಾಡಿ ಶನಿವಾರ ಬೆಳಿಗ್ಗೆ ಹೊರಟುಹೋಗುತ್ತಾನೆ. ನಿಮ್ಮ ಶನಿವಾರದ ರಾತ್ರಿ, ವಾರದಲ್ಲೇ ಬೆಲೆಬಾಳುವ ರಾತ್ರಿ, ಬೀಗ ಹಾಕಿಕೊಂಡು ಕೂರುತ್ತದೆ. ಎಲ್ಲ ದಿನಕ್ಕೂ ಒಂದೇ ಬೆಲೆಯಿದ್ದರೆ ಏಳರಲ್ಲಿ ಒಂದು ಭಾಗ, ಅಂದರೆ ಶೇಕಡ 14ಕ್ಕೆ ಸ್ವಲ್ಪ ಮೇಲೆ ಹೋದರೆ ಏಳನೆಯ ರಾತ್ರಿ ಪುಕ್ಕಟೆ. ಅವರು ಹಾಕಿದ್ದ ಶೇಕಡ 10 ಸರಿಯಾಗಿಯೇ ಇತ್ತು.

ತಿಂಗಳದ್ದು ಇನ್ನೂ ದೊಡ್ಡ ಗುಂಡಿ. ಅರ್ಧ ರಿಯಾಯಿತಿಯಲ್ಲಿ 28 ರಾತ್ರಿಗೆ 30,400. ಭಾನುವಾರದಿಂದ 16 ರಾತ್ರಿಗೆ ವಾರದ ರಿಯಾಯಿತಿ ಕಳೆದು 30,960. ಅಂದರೆ ಹದಿನಾರು ರಾತ್ರಿ ಬೇಕಾದವನಿಗೂ ಇಪ್ಪತ್ತೆಂಟಕ್ಕೆ ಬುಕ್ ಮಾಡುವುದೇ ಲಾಭ. ಅವನು ಹದಿನಾರು ರಾತ್ರಿ ಇದ್ದು ಹೋದ ಮೇಲೆ ಹನ್ನೆರಡು ರಾತ್ರಿ ಕ್ಯಾಲೆಂಡರ್‌ನಲ್ಲಿ ತುಂಬಿದೆ ಎಂದೇ ತೋರುತ್ತದೆ, ಹಾಸಿಗೆ ಮಾತ್ರ ಖಾಲಿ.

ಹಾಗಾದರೆ ಶೇಕಡ 50 ತಪ್ಪೇ? ಇಲ್ಲಿಯೇ ನನಗೂ ಆಶ್ಚರ್ಯವಾದದ್ದು. ಫೆಬ್ರವರಿಯ ಒಂದು ಸಂಜೆ ಆ ಮನೆಯಲ್ಲಿ ಚಹಾ ಕುಡಿಯುತ್ತಾ ಜುಲೈ ತಿಂಗಳ ಲೆಕ್ಕ ಬಿಡಿಸಿದೆವು. ಮಳೆಯಲ್ಲಿ ಬರುವವರು ವಾರಾಂತ್ಯಕ್ಕೆ ಮಾತ್ರ. ನಾಲ್ಕು ವಾರಾಂತ್ಯವೂ ತುಂಬಿದರೆ ಎಂಟು ರಾತ್ರಿ, 20,800 ರೂಪಾಯಿ. ನಾಲ್ಕು ಸಲದ ಒಗೆತ ಕಳೆದು 18,800. ಅದೇ ಜುಲೈಯಲ್ಲಿ ಯಾರಾದರೂ ಅರ್ಧ ಬೆಲೆಗೆ ಇಡೀ ತಿಂಗಳು ಇದ್ದರೆ ಖರ್ಚು ಕಳೆದು 25,400. ಮೇ ತಿಂಗಳಲ್ಲಿ ಮನೆ ಮುಳುಗಿಸಿದ ಅದೇ ಮೊತ್ತ ಜುಲೈಯಲ್ಲಿ 6,600 ರೂಪಾಯಿ ಲಾಭ! ಆ ತಾಯಿ ಪೆನ್ಸಿಲ್ ಕೆಳಗಿಟ್ಟು, "ಹಾಗಾದರೆ ನಾನು ಹಾಕಿದ್ದು ತಪ್ಪಲ್ಲ, ತಿಂಗಳು ತಪ್ಪು" ಎಂದು ಮೊದಲ ಬಾರಿಗೆ ನಕ್ಕರು.

ಹೌದು. "ಎಷ್ಟು ರಿಯಾಯಿತಿ ಕೊಡಲಿ" ಎಂದು ನಾವು ದಿನದ ಬೆಲೆಯನ್ನು 28ರಿಂದ ಗುಣಿಸಿ ಅದರಲ್ಲಿ ಕಳೆಯಲು ಕೂರುತ್ತೇವೆ. ಆದರೆ ಆ 60,800 ರೂಪಾಯಿ ಯಾವ ಜುಲೈಯಲ್ಲೂ ಬಂದದ್ದಿಲ್ಲ. ಹೋಲಿಸಬೇಕಾದದ್ದು ಬಿಡಿಬಿಡಿಯಾಗಿ ಕೊಟ್ಟಿದ್ದರೆ ನಿಜವಾಗಿ ಕೈಗೆ ಬರುತ್ತಿದ್ದ ಹಣದೊಂದಿಗೆ. ಜುಲೈಯಲ್ಲಿ ಅರ್ಧಕ್ಕಿಂತ ಕೆಳಗಿಳಿದರೂ ನಷ್ಟವಿಲ್ಲ. ಹದಿನಾರು ರಾತ್ರಿಯವನು ಇಪ್ಪತ್ತೆಂಟಕ್ಕೆ ಬುಕ್ ಮಾಡಿದರೂ ಚಿಂತೆಯಿಲ್ಲ, ಹೇಗೂ ಖಾಲಿ ಇರುತ್ತಿದ್ದ ರಾತ್ರಿಗಳೇ ಅವು. ಮೇ ತಿಂಗಳಲ್ಲಿ, 3,500ರಂತೆ 98,000 ಎಂದು ಹಿಡಿದರೆ, ಶೇಕಡ 15 ದಾಟಿದೊಡನೆ ನಷ್ಟ ಶುರು. ಈ ಲೆಕ್ಕಕ್ಕೆ ಹಿಂದಿನ ವರ್ಷ ಯಾವ ರಾತ್ರಿ ತುಂಬಿತ್ತು, ಯಾವುದು ಖಾಲಿ ಎಂದು ಬರೆದಿಟ್ಟ ಪುಸ್ತಕ ಬೇಕು. ಹಾಲಿನ ಪುಸ್ತಕದ ಹಿಂಬದಿಯಾದರೂ ಸಾಕು.

ನೀಲಗಿರಿಗೆ ಇನ್ನೊಂದು ಮಾತು ಸೇರುತ್ತದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬಂತು. 2025ರ ಏಪ್ರಿಲ್ 1ರಿಂದ ಆ ಸೀಸನ್‌ಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಎಂಬ ಮಿತಿಯೂ ಬಿತ್ತು. ಸರ್ಕಾರಿ ಬಸ್ಸುಗಳಿಗೆ ಇದು ಅನ್ವಯಿಸಲಿಲ್ಲ. ಪಾಸ್ ಸಿಗದೆ ಎರಡು ದಿನದ ಅತಿಥಿ ಹಿಂದೆ ಸರಿದರೆ ಆ ರಾತ್ರಿ ಹೋಯಿತು. ತಿಂಗಳಿನವರು ಒಮ್ಮೆ ಬಂದರೆ ಮುಗಿಯಿತು. ಹೀಗಾಗಿ ಸೀಸನ್‌ನಲ್ಲೂ ವಾರದ ಅತಿಥಿಗೆ ಒಂದಿಷ್ಟು ಬಿಡುವುದು ದಡ್ಡತನವಲ್ಲ.

ತಾಣದಲ್ಲಿ ಮಾಡಬೇಕಾದದ್ದು ಕಷ್ಟವೇನಿಲ್ಲ, ಮರೆಯದಿರುವುದೇ ಕಷ್ಟ. ಸೀಸನ್ ಬೆಲೆಯನ್ನು ಹಿಂದಿನ ಅಕ್ಟೋಬರ್‌ನಲ್ಲೇ ಕ್ಯಾಲೆಂಡರ್‌ನಲ್ಲಿ ತುಂಬಿಡಿ. ತಪ್ಪಿದರೆ, ಎಷ್ಟು ತಿಂಗಳು ಮುಂದಿನವರೆಗೆ ಬುಕಿಂಗ್ ತೆರೆದಿರಬೇಕು ಎಂಬ ಮಿತಿಯನ್ನಾದರೂ ಮೂರು ತಿಂಗಳಿಗೆ ಇಳಿಸಿ. ಸೀಸನ್‌ನಲ್ಲಿ ತಿಂಗಳಿನವರು ಬೇಡವಾದರೆ ಗರಿಷ್ಠ ರಾತ್ರಿಗಳ ಮಿತಿ ಹಾಕಬಹುದು. ಹೀಟರ್, ಗೀಸರ್‌ನ ಕರೆಂಟು ತಿಂಗಳ ಬೆಲೆಯಲ್ಲಿ ಸೇರಿದೆಯೋ ಇಲ್ಲವೋ ಎಂದು ಮೊದಲೇ ಬರೆದಿಡಿ. ಚಳಿಗಾಲದಲ್ಲಿ ಜಗಳ ಹುಟ್ಟುವುದು ಅಲ್ಲಿಂದಲೇ. 28 ರಾತ್ರಿ ಮತ್ತು ಮೇಲಿನ ವಾಸಕ್ಕೆ ರದ್ದು ಮಾಡುವ ನಿಯಮವೂ ಬೇರೆ ಇರುತ್ತದೆ, ಅದನ್ನು ಓದಿಕೊಳ್ಳಿ. ಅತಿಥಿ ವಿದೇಶಿಯರಾದರೆ ಒಂದು ರಾತ್ರಿಯಾಗಲಿ ಒಂದು ತಿಂಗಳಾಗಲಿ, 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಲೇಬೇಕು.

ಒಂದು ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ಕೊರೆಯುತ್ತದೆ. ಹೊರಗಿನಿಂದ ವರ್ಗವಾಗಿ ಬರುವ ಟೀಚರ್, ನರ್ಸ್‌ಗಳಿಗೆ ಗುಡ್ಡದ ಊರುಗಳಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟವಾಗಿದೆ. ಇದ್ದ ಕೋಣೆಗಳೆಲ್ಲ ಪ್ರವಾಸಿಗರಿಗೆಂದು ಬೀಗ ಹಾಕಿಕೊಂಡಿವೆ. ಜೂನ್‌ನಿಂದ ಆಗಸ್ಟ್‌ವರೆಗೆ ಖಾಲಿ ಬೀಳುವ ಕೋಣೆಯ ಬೆಲೆಯನ್ನು ಅಂಥವರ ಕೈಗೆ ಎಟುಕುವಂತೆ ಇಟ್ಟರೆ, ಮೇಲೆ ತೋರಿಸಿದ ಲೆಕ್ಕದಲ್ಲೇ, ಯಾರಿಗೂ ನಷ್ಟವಿಲ್ಲ.

ಪಾಸ್ಕ ಹಬ್ಬದ ಮಧ್ಯಾಹ್ನ ಆ ಕುಟುಂಬ ಬಂದಿಳಿಯಿತು. ಗಂಡಹೆಂಡಿರು ಹಗಲೆಲ್ಲ ಲ್ಯಾಪ್‌ಟಾಪ್ ಮುಂದೆ, ಮಗು ಕೆಳಗಿನ ಮನೆಯ ಕೋಳಿಗಳ ಹಿಂದೆ. ಹಬ್ಬದ ಊಟ ಮೇಲಕ್ಕೂ ಹೋಯಿತು. ಕಾಲೇಜಿನ ಶುಲ್ಕಕ್ಕೆ ಆ ತಾಯಿ ಮಹಿಳಾ ಸಂಘದಿಂದ 30,000 ಸಾಲ ತೆಗೆದರು. ಅತಿಥಿಗಳಿಗೆ ಅದರ ಸುಳಿವು ಕೊಡಲಿಲ್ಲ.

ಆ ವರ್ಷದ ಅಕ್ಟೋಬರ್‌ನಲ್ಲಿ ಮತ್ತೆ ಮೊಬೈಲ್ ಹಿಡಿದು ಬಂದಾಗ ಮುಂದಿನ ಮೇ ತಿಂಗಳ ಬೆಲೆ ತುಂಬಿಯಾಗಿತ್ತು. "ಕ್ರಿಸ್ಮಸ್‌ನಿಂದ ಹೊಸವರ್ಷದವರೆಗೆ ಏನು ಹಾಕಲಿ, ಫಾದರ್?" ಎಂದರು. ಪುಸ್ತಕ ತಂದಿದ್ದೀರಾ ಎಂದು ಕೇಳಿದೆ. ಚೀಲದಿಂದ ತೆಗೆದರು.