ದಾರದಿಂದ ಅಳೆದ ದಾರಿ

ಪುತ್ತೂರು, ಸುಳ್ಯ, ಕಡಬಗಳ ತೋಟದ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕೆಯಲ್ಲಿರುವುದು ಈಗ ಹೊಸ ಸಂಗತಿಯಲ್ಲ. ಆದರೆ ಆ ದೇಶ ಎಷ್ಟು ದೂರವೆಂದು ಕೇಳಿದರೆ ಗಂಟೆಗಳ ಲೆಕ್ಕ ದೊರೆಯುತ್ತದೆಯೇ ಹೊರತು ದಾರಿಯ ಲೆಕ್ಕ ದೊರೆಯುವುದಿಲ್ಲ. ಕಡಬದ ಸಮೀಪದಲ್ಲಿರುವ ನಮ್ಮ ಅಕ್ಕನಿಗೆ ಮೊನ್ನೆ ಈ ದಾರಿಯ ಲೆಕ್ಕವೇ ಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಮಗಳಿಗೆ ಚೊಚ್ಚಲ ಬಸಿರು. ಬಾಣಂತನಕ್ಕೆ ತಾಯಿಯೇ ಹೋಗಬೇಕು. ಅಕ್ಕನಿಗೋ ಕಡಲೆಂದರೆ ಭಯ.

“ಅಲ್ಲ ಮಾರಾಯ, ನೀನೇ ನೋಡು! ಎಡಕ್ಕೆ ಹೋದರೆ ಒಂದು ಸಾಗರ, ಬಲಕ್ಕೆ ಹೋದರೆ ಇನ್ನೊಂದು. ನಡುವೆ ಏನಾದರೂ ಆದರೆ ಇಳಿಯುವುದೆಲ್ಲಿ?” ಎಂದು ಗೋಡೆಯ ನಕ್ಷೆಯನ್ನು ತೋರಿಸಿದಳು.

ಅವಳ ತಪ್ಪಲ್ಲ, ನಕ್ಷೆಯ ತಪ್ಪು. ಉರುಟಾದ ಭೂಮಿಯನ್ನು ಕಾಗದದ ಮೇಲೆ ಚಪ್ಪಟೆ ಮಾಡಿದರೆ ಹತ್ತಿರದ ದಾರಿ ಕಣ್ಣಿಗೆ ಬೀಳುವುದೇ ಇಲ್ಲ. ಮೊಮ್ಮಗನ ಪಾಠದ ಗೋಳವನ್ನು ತರಿಸಿ, ಹೂ ಕಟ್ಟುವ ದಾರವನ್ನು ಮೊದಲು ಅದರ ನಡುವಿಗೆ ಸುತ್ತಿದೆವು. 96 ಸೆಂಟಿಮೀಟರು. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿಲೋಮೀಟರು. ಬಳಿಕ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋದವರೆಗೆ ದಾರವನ್ನು ಬಿಗಿಯಾಗಿ ಹಿಡಿದಾಗ ಬಂದದ್ದು ಮೂವತ್ತಮೂರೂವರೆ ಸೆಂಟಿಮೀಟರು. ಎಂದರೆ ಹದಿನಾಲ್ಕು ಸಾವಿರ ಕಿಲೋಮೀಟರಿಗೆ ತುಸು ಕಡಮೆ. ವಿಮಾನದವರ ಲೆಕ್ಕವೂ 13,993!

ಆದರೆ ಅಕ್ಕ ನೋಡುತ್ತಿದ್ದುದು ಅಂಕಿಯನ್ನಲ್ಲ, ದಾರವನ್ನು. ಅದು ಪೂರ್ವದ ಕಡಲಿನತ್ತ ಸುಳಿಯದೆ ಹಿಮಾಲಯ, ಮಂಗೋಲಿಯ, ಸೈಬೀರಿಯಗಳ ಮೇಲೆ ಉತ್ತರಕ್ಕೇರಿ, ಅಲಾಸ್ಕವನ್ನು ದಾಟಿ ಕೆಳಗಿಳಿದಿತ್ತು. ನೀರು ಇಲ್ಲವೆಂದಲ್ಲ, ಅರ್ಧಕ್ಕೂ ಹೆಚ್ಚು ದಾರಿ ನೆಲದ ಮೇಲೆಯೇ ಎಂಬುದು ಸಮಾಧಾನದ ಮಾತು. ನಕ್ಷೆಯ ನೇರ ಗೆರೆಯಂತೆ ಪೂರ್ವಕ್ಕೆ ಹೋಗಿದ್ದರೆ ಎರಡು ಸಾವಿರ ಕಿಲೋಮೀಟರು ಹೆಚ್ಚಾಗುತ್ತಿತ್ತು.

ದಾರವಿಲ್ಲದವರಿಗೆ ಇನ್ನೊಂದು ಲೆಕ್ಕ. ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯಲ್ಲಿ. ಅಲ್ಲಿಂದ ಧ್ರುವಕ್ಕೆ 77 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋ 38ರ ಹತ್ತಿರ. ಧ್ರುವದಿಂದ ಅಲ್ಲಿಗೆ 52. ಕೂಡಿದರೆ 129. ಡಿಗ್ರಿಗೆ 111 ಕಿಲೋಮೀಟರಿನಂತೆ ಸುಮಾರು 14,300. ಭೂಮಿಯ ನೆತ್ತಿಯನ್ನೇ ಹಾದು ಹೋದರೂ ನಷ್ಟ ಮುನ್ನೂರು ನಾನೂರು ಕಿಲೋಮೀಟರು ಮಾತ್ರ! ಇದು ಬರಿಯ ಕಾಗದದ ಲೆಕ್ಕವಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟರೇ ನಡೆಸಿದ ಏರ್ ಇಂಡಿಯಾ ವಿಮಾನವು ಧ್ರುವ ಪ್ರದೇಶದ ಮೇಲಿನಿಂದಲೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದಿಳಿಯಿತು. ವಿಮಾನವೇನೂ ದಾರದ ಮೇಲೆಯೇ ಹಾರುವುದಿಲ್ಲ. ಗಾಳಿ ಎದುರಾದೀತೆಂದು ಸುತ್ತಿ ಹೋಗುವುದೂ ಉಂಟು. ಎತ್ತರದ ಪರ್ವತಗಳ ಮೇಲೆ ತೊಂದರೆ ಬಂದರೆ ಕೆಳಗಿಳಿಯಲು ಎಡೆಯಿಲ್ಲವೆಂದು ಅವುಗಳನ್ನು ಬಳಸಿ ಹೋಗುವುದೂ ಉಂಟು.

ಮಹಿಳೆಯರೇ ನಡೆಸಿದರೆಂಬುದನ್ನು ಅಕ್ಕ ಎರಡು ಸಲ ಹೇಳಿಸಿಕೊಂಡಳು. ಬಳಿಕ ದಾರವನ್ನು ಬೆರಳಿಗೆ ಸುತ್ತುತ್ತಾ, “ಆ ಹದಿನಾಲ್ಕು ಸಾವಿರ ಹೇಗೋ ಕಳೆದೀತು. ಹೆರಿಗೆ ಆಷಾಢದಲ್ಲಿ. ಮಳೆಗೆ ಶಿರಾಡಿ ಘಾಟಿ ಕುಸಿದರೆ ಬೆಂಗಳೂರು ಸೇರುವುದು ಹೇಗೆ?” ಎಂದಳು.

ಅದಕ್ಕೆ ನನ್ನ ದಾರದಲ್ಲಿ ಉತ್ತರವಿರಲಿಲ್ಲ. ಮೇ ತಿಂಗಳಲ್ಲಿಯೇ ಹೊರಡುವುದೆಂದು ನಿಶ್ಚಯವಾಗಿದೆ.