ಎಕ್ಸ್‌ರೇ ಬೇಡ ಅಂದಿದ್ದು ನಾನೇ (ಹಲ್ಲಿನ ಮಾತು, ಭಾಗ 4)

ಹೋದ ವಾರ ಸ್ಟೋರಿಯಲ್ಲಿ ಪ್ರಶ್ನೆ ಕೇಳಿ ಅಂದಿದ್ದೆ. ಜಾಸ್ತಿ ಬಂದಿದ್ದು ಒಂದೇ ಪ್ರಶ್ನೆ: "ಹಲ್ಲಿಗೆ ಎಕ್ಸ್‌ರೇ ತೆಗೆಸಿದ್ರೆ ಕ್ಯಾನ್ಸರ್ ಬರಲ್ವಾ?" ಉತ್ತರಕ್ಕೆ ಮುಂಚೆ ಒಂದು ತಪ್ಪೊಪ್ಪಿಗೆ.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ತಿಪಟೂರಿನ ಅತ್ತೆ ಫೋನ್ ಮಾಡಿದ್ರು. ಮೇಲಿನ ದವಡೆ ಹಲ್ಲು ನೋವು, ಡಾಕ್ಟ್ರು ಎಕ್ಸ್‌ರೇ ತೆಗೀಬೇಕು ಅಂದಿದ್ದಾರೆ. "ನೀನು ಸೈನ್ಸ್ ಓದ್ತಿದ್ದೀಯಲ್ಲ, ತೆಗೆಸ್ಲೇನೇ?" ನಾನು ಓದಿದ್ದು ಫಿಸಿಕ್ಸ್ ಪುಸ್ತಕದಲ್ಲಿ ಅರ್ಧ ಪುಟ, ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್. ಆದ್ರೂ ಗತ್ತಿನಿಂದ "ಬೇಡ ಅತ್ತೆ, ರೇಡಿಯೇಷನ್ ನೇರ ತಲೆಗೇ ಹೋಗತ್ತೆ" ಅಂದೆ. ಅವರು ಲವಂಗದ ಎಣ್ಣೆ, ನೋವಿನ ಮಾತ್ರೆ ಅಂತ ನಾಲ್ಕು ತಿಂಗಳು ತಳ್ಳಿದ್ರು. ಕೊನೆಗೆ ಕೆನ್ನೆ ಊದಿ, ಹಲ್ಲು ಕೀಳಿಸಬೇಕಾಯ್ತು. ಈಗಲೂ ಅವರು ಚಕ್ಕುಲಿ ಅಗಿಯೋದು ಒಂದೇ ಕಡೆ.

ಈಗ ನಾನು ಬಿಡಿಎಸ್ ಮೂರನೇ ವರ್ಷ. ಎಕ್ಸ್‌ರೇಗೆ ಹೆದರೋರನ್ನ ನೋಡಿ ನಗೋಕೆ ನನಗಂತೂ ಮನಸ್ಸು ಬರಲ್ಲ.

ಯಾಕಂದ್ರೆ ಆ ಭಯಕ್ಕೂ ಒಂದು ಇತಿಹಾಸ ಇದೆ. ರಾಂಟ್ಜನ್ ಎಕ್ಸ್ ಕಿರಣ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. 1896ರ ಜನವರಿಯಲ್ಲೇ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕಾಫ್ ತನ್ನದೇ ಹಲ್ಲಿನ ಚಿತ್ರ ತೆಗೆದರು. ಅದಕ್ಕೆ 25 ನಿಮಿಷ ಕಿರಣಕ್ಕೆ ಬಾಯಿ ಒಡ್ಡಿ ಕೂರಬೇಕಾಯಿತು! ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್ ವರ್ಷಗಟ್ಟಲೆ ಕೈಗೆ ಯಾವ ರಕ್ಷಣೆಯೂ ಇಲ್ಲದೆ ಎಕ್ಸ್‌ರೇ ತೆಗೆದು, ಮೊದಲು ಬೆರಳು, ಆಮೇಲೆ ತೋಳನ್ನೇ ಕಳೆದುಕೊಂಡರು. ಭಯ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ಇವತ್ತಿನ ಲೆಕ್ಕ ಬೇರೆ. ಮಣ್ಣು, ಗಾಳಿ, ಆಹಾರ, ಆಕಾಶ ಎಲ್ಲದರಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಸಿಗುತ್ತಲೇ ಇರುತ್ತದೆ. ಅಂದ್ರೆ ದಿನಕ್ಕೆ ಆರೂವರೆ ಮೈಕ್ರೋಸೀವರ್ಟ್. ಒಂದೆರಡು ಹಲ್ಲಿನ ಚಿಕ್ಕ ಎಕ್ಸ್‌ರೇಗೆ ಸುಮಾರು 5 ಮೈಕ್ರೋಸೀವರ್ಟ್, ಹೆಚ್ಚುಕಡಿಮೆ ಒಂದು ದಿನ ಬದುಕಿದಷ್ಟು. ಪೂರ್ತಿ ದವಡೆ ತೋರಿಸೋ ಓಪಿಜಿಗೆ ಕೆಲವು ದಿನಗಳಷ್ಟು. ಮೂರು ಆಯಾಮದ ಸಿಬಿಸಿಟಿ ಮಾತ್ರ ಇದಕ್ಕಿಂತ ಹಲವು ಪಟ್ಟು ಜಾಸ್ತಿ, ಅದನ್ನ ಹಗುರವಾಗಿ ತಗೋಬೇಡಿ. ಅಪಾಯ ಸೊನ್ನೆ ಅಂತ ನಾನು ಹೇಳಲ್ಲ. ತೀರಾ ಕಡಿಮೆ ಅಂತ ಹೇಳ್ತೀನಿ.

ಇನ್ನು ಉಪಯೋಗ. ಎರಡು ಹಲ್ಲಿನ ಸಂದಿಯಲ್ಲಿ ಶುರುವಾದ ಹುಳುಕು ಕನ್ನಡಿಗೆ, ಟಾರ್ಚಿಗೆ ಕಾಣದೇ ಇರಬಹುದು. ಬೇರಿನ ತುದಿಯ ಕೀವು, ಒಸಡಿನೊಳಗೆ ಸವೆದ ಮೂಳೆ, ಅಡ್ಡ ಮಲಗಿರೋ ಬುದ್ಧಿಹಲ್ಲು ಕೂಡ ಹಾಗೇ. ಅತ್ತೆಯ ಹಲ್ಲಿನ ಬೇರಿನಲ್ಲಿ ಏನಾಗ್ತಿತ್ತೋ ಆಗಲೇ ನೋಡಿದ್ದಿದ್ರೆ, ರೂಟ್ ಕೆನಾಲ್ ಮಾಡಿ ಉಳಿಸೋ ಅವಕಾಶ ಆದ್ರೂ ಇರ್ತಿತ್ತು. ಅದನ್ನ ಕಿತ್ಕೊಂಡಿದ್ದು ನನ್ನ ಅರ್ಧ ಪುಟದ ಜ್ಞಾನ.

ಹಾಗಂತ ಕ್ಲಿನಿಕ್ ಮೆಟ್ಟಿಲು ಹತ್ತಿದವರಿಗೆಲ್ಲ, ಬಾಯಿ ನೋಡೋಕೂ ಮುಂಚೆ "ಮೊದಲು ಎಕ್ಸ್‌ರೇ ತೆಗೆಸ್ಕೊಂಡ್ ಬನ್ನಿ" ಅನ್ನೋದನ್ನೂ ನಾನು ಒಪ್ಪಲ್ಲ. ಕ್ಲಾಸ್‌ಮೇಟ್ಸ್, ಇದು ನಮಗೇ ಹೇಳ್ಕೊಳ್ತಿರೋದು. ಮೊದಲು ಮಾತು, ಆಮೇಲೆ ಪರೀಕ್ಷೆ, ಆಮೇಲೆ ಬೇಕಿದ್ರೆ ಎಕ್ಸ್‌ರೇ. ಸೆನ್ಸರ್ ಸರಿಯಾಗಿ ಇಡದೆ ಮೂರು ಸಲ ತೆಗೆದ್ರೆ ಆ ಮೂರು ಪಟ್ಟು ಡೋಸ್ ನಮ್ಮ ಲೆಕ್ಕಕ್ಕೆ. ಮಕ್ಕಳಿಗೆ ತೆಗೆಯುವಾಗ ಮೆಷಿನ್ ಸೆಟ್ಟಿಂಗ್ ಕಡಿಮೆ ಮಾಡೋದು ಮರೀಬಾರದು.

ನೀವು ಪೇಷೆಂಟ್ ಆಗಿ ಕೂತಾಗ "ಇದು ಸೇಫಾ?" ಅಂತ ಕೇಳಿದ್ರೆ "ಹೂಂ, ಸೇಫ್" ಅಂತಾರೆ, ಮಾತು ಮುಗೀತು. ಅದರ ಬದಲು ಹೀಗೆ ಕೇಳಿ: "ಈ ಚಿತ್ರ ನೋಡಿದ ಮೇಲೆ ನನ್ನ ಚಿಕಿತ್ಸೆಯಲ್ಲಿ ಏನು ತೀರ್ಮಾನ ಆಗತ್ತೆ?" ಸರಿಯಾದ ಉತ್ತರ ಇದ್ರೆ ಧೈರ್ಯವಾಗಿ ತೆಗೆಸಿ. ಉತ್ತರ ತಡವರಿಸಿದ್ರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಗರ್ಭಿಣಿಯಾಗಿದ್ರೆ ಮೊದಲೇ ತಿಳಿಸಿ. ಅಗತ್ಯ ಇದ್ದಾಗ ಆಗಲೂ ತೆಗೆಯಬಹುದು. ತೆಗೆಸಿದ ಚಿತ್ರದ ಕಾಪಿ ಕೇಳಿ ಫೋನ್‌ನಲ್ಲಿ ಇಟ್ಕೊಳ್ಳಿ. ಮುಂದಿನ ಡಾಕ್ಟ್ರು ಅದನ್ನೇ ಮತ್ತೆ ತೆಗೆಯೋದು ತಪ್ಪಬಹುದು.

ಮೊನ್ನೆ ಅತ್ತೆ ಹತ್ರ ಇದನ್ನೆಲ್ಲ ಹೇಳಿ, ತಪ್ಪಾಯ್ತು ಅಂದೆ. "ಬಿಡೇ, ನೀನೇನು ಆಗ ಡಾಕ್ಟ್ರಾಗಿದ್ಯಾ?" ಅಂದ್ರು. ಅದೇ ಅಲ್ವಾ ವಿಷಯ? ಡಾಕ್ಟ್ರಾಗಿರ್ಲಿಲ್ಲ, ಆದ್ರೂ ಸಲಹೆ ಕೊಟ್ಟೆ.

ನಿಮ್ಮ ಮನೇಲೂ "ನೀನು ಓದಿದ್ದೀಯಲ್ಲ, ಹೇಳು" ಅಂತ ಕೇಳೋರು ಇರ್ತಾರೆ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ. ಆಮೇಲೆ ಈ ಪೋಸ್ಟ್ ತೋರಿಸಿ.

ಮುಂದಿನ ಭಾಗ: ಬುದ್ಧಿಹಲ್ಲು ಕೀಳಿಸಲೇಬೇಕಾ? ಪ್ರಶ್ನೆ ಕಮೆಂಟಲ್ಲಿ ಹಾಕಿ.

#ಹಲ್ಲಿನಮಾತು #ಬಿಡಿಎಸ್‌ಜೀವನ #ಕನ್ನಡದಲ್ಲಿಆರೋಗ್ಯ